ಕೆಲಸ ಹೋದದ್ದು ಒಬ್ಬರದು, ಪೋಸ್ಟ್ ಇನ್ನೊಬ್ಬರದು

ಕಂಪನಿಯೊಂದು ತನ್ನ ನೌಕರರಲ್ಲಿ ಒಂದಷ್ಟು ಮಂದಿಯನ್ನು ಮನೆಗೆ ಕಳಿಸಿದ ದಿನ, ಕೆಲಸ ಉಳಿದವರು ಸಾಮಾಜಿಕ ಜಾಲತಾಣದಲ್ಲಿ ಹಾಕುವ ಪೋಸ್ಟುಗಳಿಗೆ ಈಗ ಒಂದು ಸಿದ್ಧ ಅಚ್ಚು ಬಂದಿದೆ. ಮೊದಲ ಸಾಲಿನಲ್ಲಿ ಬರೆದವರ ಮನಸ್ಸು ಭಾರವಾಗಿರುತ್ತದೆ. ಎರಡನೆಯ ಸಾಲಿನ ಹೊತ್ತಿಗೆ ಅವರಿಗೆ ರಾತ್ರಿಯೆಲ್ಲ ನಿದ್ದೆ ಬಂದಿರುವುದಿಲ್ಲ. ಆಮೇಲೆ ತಾವು ಕಂಡ ಅತ್ಯಂತ ಪ್ರತಿಭಾವಂತ ತಂಡದ ಗುಣಗಾನ, ಆ ತಂಡವನ್ನು ತಾವು ಮುನ್ನಡೆಸಿದ ಬಗೆ, ಹಳೆಯದೊಂದು ಟೀಮ್ ಔಟಿಂಗ್ ಫೋಟೊ, ‘ಏನಾದರೂ ಸಹಾಯ ಬೇಕಿದ್ದರೆ ಸಂಕೋಚಪಡಬೇಡಿ’ ಎಂಬ ಮಾತು, ಅದರ ಕೆಳಗೆ ಹ್ಯಾಶ್‌ಟ್ಯಾಗುಗಳ ಸಾಲು. ಕೆಲಸ ಹೋದವರು ಯಾರು, ಅವರಿಗೆ ಯಾವ ಕೆಲಸ ಚೆನ್ನಾಗಿ ಬರುತ್ತದೆ, ಅವರನ್ನು ಹೇಗೆ ಸಂಪರ್ಕಿಸಬೇಕು ಎಂಬಷ್ಟು ಮಾತ್ರ ಎಷ್ಟೋ ಪೋಸ್ಟುಗಳಲ್ಲಿ ಸಿಕ್ಕುವುದಿಲ್ಲ. ಸರ್ಕಲ್‌ನಲ್ಲಿ ಕಟ್ಟಿದ ಶ್ರದ್ಧಾಂಜಲಿ ಫ್ಲೆಕ್ಸಿನಲ್ಲಿ ತೀರಿಕೊಂಡವರ ಮುಖಕ್ಕಿಂತ ‘ದುಃಖತಪ್ತ’ರ ಮುಖಗಳೇ ಹೆಚ್ಚು ಜಾಗ ಹಿಡಿದಂತೆ.

ಇಂಥ ಬರಹದ ತವರು ಲಿಂಕ್ಡ್‌ಇನ್. ರೀಡ್ ಹಾಫ್‌ಮನ್ ಮತ್ತು ಸಂಗಡಿಗರು 2002ರ ಕೊನೆಯಲ್ಲಿ ಕಟ್ಟಿ, 2003ರ ಮೇ ತಿಂಗಳಲ್ಲಿ ಜನರಿಗೆ ತೆರೆದ ಈ ತಾಣ ಮೊದಲಿಗೆ ಇದ್ದದ್ದು ರೆಸ್ಯೂಮೆ ಇಡಲು, ಹಳೆಯ ಸಹೋದ್ಯೋಗಿಗಳ ಸಂಪರ್ಕ ತಪ್ಪದಂತೆ ನೋಡಿಕೊಳ್ಳಲು. 2016ರಲ್ಲಿ ಮೈಕ್ರೋಸಾಫ್ಟ್ ಇದನ್ನು 2,620 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. 2023ರ ಹೊತ್ತಿಗೆ ಸದಸ್ಯರ ಸಂಖ್ಯೆ 100 ಕೋಟಿ ಮುಟ್ಟಿತ್ತು. ಅದರಲ್ಲಿ ಭಾರತೀಯರೇ 10 ಕೋಟಿಗೂ ಹೆಚ್ಚು, ಅಮೆರಿಕದ ನಂತರದ ಸ್ಥಾನ. ಇಷ್ಟು ಹೊತ್ತಿಗೆ ಅದು ರೆಸ್ಯೂಮೆಯ ತಾಣವಾಗಿ ಉಳಿದಿರಲಿಲ್ಲ. ದಿನಾ ಬೆಳಿಗ್ಗೆ ತೆರೆದು ಓದುವ ಫೀಡ್ ಅದರ ಮುಖ್ಯ ಭಾಗವಾಗಿತ್ತು.

ಫೇಸ್‌ಬುಕ್ಕಿನಲ್ಲಿ ಓದುವವರು ನೆಂಟರಿಷ್ಟರು, ಎಕ್ಸ್‌ನಲ್ಲಿ ಬಹುತೇಕ ಅಪರಿಚಿತರು. ಲಿಂಕ್ಡ್‌ಇನ್‌ನಲ್ಲಿ ಓದುಗರ ಸಾಲಿನಲ್ಲಿ ಇವತ್ತಿನ ಮ್ಯಾನೇಜರ್ ಇರುತ್ತಾರೆ, ಕ್ಲೈಂಟ್ ಇರುತ್ತಾರೆ, ನಾಳೆ ಕೆಲಸ ಕೊಡಬಹುದಾದ ರಿಕ್ರೂಟರ್ ಇರುತ್ತಾರೆ. ಹೀಗಾಗಿ ಅಲ್ಲಿ ಬರೆದ ಯಾವ ಸಾಲೂ, ಅದರ ವಿಷಯ ಏನೇ ಇರಲಿ, ಒಳಗೊಳಗೇ ಒಂದು ಕೆಲಸದ ಅರ್ಜಿ. ಸಹೋದ್ಯೋಗಿಯ ಕೆಲಸ ಹೋದ ಸುದ್ದಿ ಬರೆಯುವಾಗಲೂ ‘ನಾನು ಎಂಥ ನಾಯಕ, ಎಂಥ ಮನುಷ್ಯ’ ಎಂಬುದು ಅದರೊಳಕ್ಕೆ ನುಸುಳಿಬಿಡುತ್ತದೆ. ಬರೆಯುವವರೆಲ್ಲ ಕಪಟಿಗಳೆಂದು ಇದರ ಅರ್ಥವಲ್ಲ. ಆ ಜಗುಲಿಯ ಮೇಲೆ ನಿಂತು ಆಡಿದ ಮಾತು ಹಾಗೆಯೇ ಕೇಳಿಸುತ್ತದೆ.

ಈ ಬಗೆಯ ಪೋಸ್ಟುಗಳು ಕೊರೊನಾ ಕಾಲದಲ್ಲೇ ಕಾಣಿಸಿಕೊಂಡಿದ್ದವು. ಆದರೆ ಅವು ಪ್ರವಾಹವಾದದ್ದು 2022ರ ನವೆಂಬರ್‌ನಲ್ಲಿ. ಅಕ್ಟೋಬರ್ 27ರಂದು ಟ್ವಿಟರನ್ನು ಕೊಂಡ ಇಲಾನ್ ಮಸ್ಕ್, ನವೆಂಬರ್ 4ರಂದು ಅಲ್ಲಿನ ಸುಮಾರು 7,500 ನೌಕರರಲ್ಲಿ ಅರ್ಧದಷ್ಟು ಮಂದಿಯನ್ನು ತೆಗೆದುಹಾಕಿದರು. ಐದು ದಿನಗಳ ನಂತರ ಮೆಟಾ 11,000 ಮಂದಿಯನ್ನು ಬಿಟ್ಟಿತು. 2023ರ ಜನವರಿಯಲ್ಲಿ ಅಮೆಜಾನ್ 18,000, ಮೈಕ್ರೋಸಾಫ್ಟ್ 10,000, ಗೂಗಲ್ 12,000 ಎಂದು ಘೋಷಣೆಗಳು ಒಂದರ ಹಿಂದೊಂದು ಬಂದವು. ತಂತ್ರಜ್ಞಾನ ಕಂಪನಿಗಳ ಲೇಆಫ್‌ಗಳನ್ನು 2020ರಿಂದ ದಾಖಲಿಸುತ್ತಿರುವ ಲೇಆಫ್ಸ್ ಡಾಟ್ ಎಫ್‌ವೈಐ ತಾಣದ ಲೆಕ್ಕದಲ್ಲಿ 2022ರಲ್ಲಿ ಸುಮಾರು 1.65 ಲಕ್ಷ, 2023ರಲ್ಲಿ 2.6 ಲಕ್ಷಕ್ಕೂ ಹೆಚ್ಚು ಮಂದಿ ಕೆಲಸ ಕಳೆದುಕೊಂಡರು. ಆ ಲೆಕ್ಕದಲ್ಲಿ ಬೆಂಗಳೂರಿನವರೂ ಇದ್ದರು. ಟ್ವಿಟರಿನ ಭಾರತದ ತಂಡದಲ್ಲಂತೂ ಉಳಿದವರನ್ನು ಬೆರಳೆಣಿಕೆಯಲ್ಲಿ ಹೇಳಬಹುದಿತ್ತು.

ಟ್ವಿಟರ್ ನೌಕರರು ಆ ದಿನ ಹಾಕಿದ ಪೋಸ್ಟುಗಳ ಜಾತಿಯೇ ಬೇರೆ ಎಂಬುದನ್ನು ಹೇಳಲೇಬೇಕು. ನೀಲಿ ಹೃದಯ, ಸೆಲ್ಯೂಟ್ ಹೊಡೆಯುವ ಇಮೋಜಿ, ಕಂಪನಿಯದೇ ಹಳೆಯ ಘೋಷವಾಕ್ಯವನ್ನು ಭೂತಕಾಲಕ್ಕೆ ತಿರುಗಿಸಿದ ‘ಲವ್ ವೇರ್ ಯು ವರ್ಕ್ಡ್’ ಎಂಬ ಹ್ಯಾಶ್‌ಟ್ಯಾಗ್ – ಇವನ್ನು ಹಾಕಿದವರಲ್ಲಿ ಹೆಚ್ಚಿನವರು ಕೆಲಸ ಕಳೆದುಕೊಂಡವರೇ ಅಥವಾ ಇನ್ನೊಂದು ತಾಸಿನಲ್ಲಿ ತಮ್ಮ ಲ್ಯಾಪ್‌ಟಾಪ್ ಕೂಡ ಲಾಕ್ ಆಗಬಹುದೆಂದು ಕಾಯುತ್ತ ಕುಳಿತಿದ್ದವರು. ನೋವು ಬರೆದವರದೇ ಆಗಿತ್ತು. ಮುಂದಿನ ತಿಂಗಳುಗಳಲ್ಲಿ ಅದೇ ಧಾಟಿ, ಅದೇ ಇಮೋಜಿಗಳು ಕೆಲಸ ಭದ್ರವಾಗಿದ್ದವರ ಕೈಗೆ ಬಂದವು. ಕೆಡುಕು ಅಲ್ಲಿಂದ ಶುರುವಾಯಿತು.

ಧಾಟಿ ಇಷ್ಟು ಬೇಗ ಹರಡಲು ಫೀಡ್ ಕೆಲಸಮಾಡುವ ರೀತಿಯೂ ಕಾರಣ. ಲಿಂಕ್ಡ್‌ಇನ್ ಉದ್ದದ ಪೋಸ್ಟಿನ ಮೊದಲ ಕೆಲವು ಸಾಲುಗಳನ್ನು ಮಾತ್ರ ತೋರಿಸಿ, ಉಳಿದದ್ದನ್ನು ‘ಸೀ ಮೋರ್’ ಹಿಂದೆ ಮುಚ್ಚಿಡುತ್ತದೆ. ಓದುಗರು ಅದನ್ನು ಒತ್ತುವಂತೆ ಮಾಡಬೇಕಾದ ಹೊಣೆ ಮೊದಲ ಸಾಲಿನದು. ಪೋಸ್ಟಿನ ಮೇಲೆ ಜನ ಎಷ್ಟು ಹೊತ್ತು ನಿಂತರು ಎಂಬುದನ್ನೂ ತಾಣ ಅಳೆಯುತ್ತದೆ. ಕಮೆಂಟು ಬಿದ್ದಷ್ಟೂ ಪೋಸ್ಟ್ ಹೆಚ್ಚು ಜನರ ಮುಂದೆ ಹೋಗುತ್ತದೆ. ‘ಜಾವಾ ಡೆವಲಪರ್, ಆರು ವರ್ಷ ಅನುಭವ, ಮೈಸೂರಾದರೂ ಸರಿ’ ಎಂಬ ಸಾಲು ಯಾರನ್ನೂ ತಡೆದು ನಿಲ್ಲಿಸುವುದಿಲ್ಲ. ‘ಇವತ್ತು ನನ್ನ ವೃತ್ತಿಜೀವನದ ಅತ್ಯಂತ ಕಠಿಣ ದಿನ’ ಎಂಬುದು ನಿಲ್ಲಿಸುತ್ತದೆ. ಕೆಲಸ ಹುಡುಕುವವರಿಗೆ ಬೇಕಾದದ್ದು ಮೊದಲನೆಯದು, ಫೀಡ್ ಮೇಲಕ್ಕೆತ್ತುವುದು ಎರಡನೆಯದು.

ಭಾರತದ ಲಿಂಕ್ಡ್‌ಇನ್‌ನಲ್ಲಿ ಇದಕ್ಕೊಂದು ನಾಟಿ ಪರಿಹಾರವೂ ಹುಟ್ಟಿಕೊಂಡಿದೆ. ಕೆಲಸ ಹೋದವರ ಪೋಸ್ಟಿನ ಕೆಳಗೆ ನೂರಾರು ಮಂದಿ ‘ಸಿಎಫ್‌ಬಿಆರ್’ ಎಂದು ನಾಲ್ಕಕ್ಷರ ಹಾಕಿ ಹೋಗುತ್ತಾರೆ. ‘ಇದು ಇನ್ನಷ್ಟು ಜನರಿಗೆ ತಲುಪಲೆಂದು ಕಮೆಂಟ್ ಮಾಡುತ್ತಿದ್ದೇನೆ’ ಎಂಬುದರ ಸಂಕ್ಷೇಪ ಅದು. ನಗೆಪಾಟಲಿಗೆ ಗುರಿಯಾದ ಈ ಅಭ್ಯಾಸ, ನಿಜ ಹೇಳಬೇಕೆಂದರೆ, ಎರಡು ಪುಟದ ಶೋಕಗೀತೆಗಿಂತ ಪ್ರಾಮಾಣಿಕ. ಅದರಲ್ಲಿ ಕಮೆಂಟ್ ಹಾಕಿದವರ ಗುಣಗಾನಕ್ಕೆ ಜಾಗವೇ ಇಲ್ಲ.

ಬರೆಯುವವರಲ್ಲಿ ಅಕ್ಕಪಕ್ಕದ ಸೀಟಿನ ಸಹೋದ್ಯೋಗಿಗಳು ಒಂದು ಬಗೆ. ಇವರ ಪೋಸ್ಟಿನಲ್ಲಿ ಸಾಮಾನ್ಯವಾಗಿ ಹೆಸರಿರುತ್ತದೆ, ಅಕ್ಕರೆಯೂ ಇರುತ್ತದೆ. ‘ಪರ್ಸನಲ್ ಬ್ರ್ಯಾಂಡಿಂಗ್’ ಕಲಿಸುವ ಕೋಚ್‌ಗಳು ಇನ್ನೊಂದು ಬಗೆ. ಕೆಲಸ ಹೋದವರಲ್ಲಿ ಒಬ್ಬರನ್ನೂ ಅರಿಯದ ಇವರಿಗೆ ಲೇಆಫ್ ಎಂದರೆ ತಮ್ಮ ತರಬೇತಿಯ ಜಾಹೀರಾತು. ಇವರ ಬಗ್ಗೆ ಹೆಚ್ಚು ಹೇಳುವುದೇನೂ ಇಲ್ಲ. ತೊಡಕಿರುವುದು ಮ್ಯಾನೇಜರುಗಳ ಮತ್ತು ಕಂಪನಿ ಮುಖ್ಯಸ್ಥರ ಪೋಸ್ಟುಗಳಲ್ಲಿ. ಯಾರ ಹೆಸರನ್ನು ಪಟ್ಟಿಗೆ ಸೇರಿಸಬೇಕೆಂದು ಹೇಳಿದವರೇ ಮರುದಿನ ದುಃಖದ ಪೋಸ್ಟ್ ಹಾಕುವುದುಂಟು. ಅದರಲ್ಲಿ ‘ವಿದಾಯ ಹೇಳಬೇಕಾಗಿ ಬಂತು’ ಎಂದಿರುತ್ತದೆಯೇ ಹೊರತು ‘ನಾನು ತೆಗೆದೆ’ ಎಂದಿರುವುದಿಲ್ಲ. ಮಳೆ ಬಂತು, ಬರ ಬಂತು ಎಂಬ ಹಾಗೆ ಲೇಆಫ್ ಕೂಡ ತಾನಾಗಿಯೇ ಬಂದಿರುತ್ತದೆ.

ಜಗತ್ತಿನ ಗಮನ ಸೆಳೆದ ಉದಾಹರಣೆ 2022ರ ಆಗಸ್ಟ್‌ನದು. ಅಮೆರಿಕದ ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿದ್ದ ಹೈಪರ್‌ಸೋಷಿಯಲ್ ಎಂಬ ಪುಟ್ಟ ಮಾರ್ಕೆಟಿಂಗ್ ಕಂಪನಿಯ ಮುಖ್ಯಸ್ಥ ಬ್ರೇಡನ್ ವಾಲೇಕ್, ತಮ್ಮ 17 ನೌಕರರಲ್ಲಿ ಇಬ್ಬರನ್ನು ಕೆಲಸದಿಂದ ಬಿಡಿಸಿದರು. ಆಮೇಲೆ ಕಣ್ಣೀರು ಹರಿಯುತ್ತಿದ್ದ ತಮ್ಮದೇ ಸೆಲ್ಫಿ ತೆಗೆದು ಲಿಂಕ್ಡ್‌ಇನ್‌ಗೆ ಹಾಕಿ, ತಪ್ಪು ತಮ್ಮದೇ ಎಂದೂ ನೌಕರರನ್ನು ತಾವು ಪ್ರೀತಿಸುವುದಾಗಿಯೂ ಬರೆದರು. ಕೆಲವೇ ದಿನಗಳಲ್ಲಿ ಸಾವಿರಾರು ಕಮೆಂಟುಗಳು ಬಿದ್ದವು. ಬಹಳ ಜನ ಕೇಳಿದ ಪ್ರಶ್ನೆ ಒಂದೇ: ಕೆಲಸ ಹೋದ ಇಬ್ಬರೆಲ್ಲಿ, ಇವರ ಫೋಟೊ ಏಕೆ? ‘ಅಳುವ ಸಿಇಒ’ ಎಂಬ ಬಿರುದು ಅವರಿಗೆ ಅಂಟಿತು. ಅವರ ಕಂಪನಿಯ ಕಸುಬೇ ಲಿಂಕ್ಡ್‌ಇನ್ ಮೂಲಕ ಗಿರಾಕಿಗಳನ್ನು ಹುಡುಕಿಕೊಡುವುದಾಗಿದ್ದದ್ದು ಟೀಕೆಗೆ ಇನ್ನಷ್ಟು ಉಪ್ಪುಖಾರ ಹಚ್ಚಿತು. ಆದರೂ ಕೆಲಸ ಹೋದವರಲ್ಲಿ ಒಬ್ಬರು ವಾಲೇಕ್ ಪರವಾಗಿಯೇ ಬರೆದರು. ಕಣ್ಣೀರು ನಿಜವೇ ಇದ್ದಿರಬೇಕು. ನಿಜವಾದ ಕಣ್ಣೀರನ್ನೂ ಪ್ರದರ್ಶನಕ್ಕಿಡಬಹುದು. ಪ್ರಕರಣದ ಸ್ವಾರಸ್ಯ ಇರುವುದು ಅಲ್ಲಿ. ವಾಲೇಕ್ ‘ತಪ್ಪು ನನ್ನದು’ ಎಂದಾದರೂ ಬರೆದರು, ಆ ಮಟ್ಟಿಗೆ ಅವರು ಎಷ್ಟೋ ದೊಡ್ಡ ಮುಖ್ಯಸ್ಥರಿಗಿಂತ ಮೇಲು.

ದೊಡ್ಡ ಕಂಪನಿಗಳಲ್ಲಿ ಈ ಕೆಲಸವನ್ನು ಪತ್ರಗಳು ಮಾಡುತ್ತವೆ. ಮೆಟಾದ ಮಾರ್ಕ್ ಜುಕರ್‌ಬರ್ಗ್ ಮತ್ತು ಗೂಗಲ್‌ನ ಸುಂದರ್ ಪಿಚೈ ಇಬ್ಬರೂ ತಮ್ಮ ಪತ್ರಗಳಲ್ಲಿ ಹೊಣೆ ತಮ್ಮದೆಂದು ಬರೆದರು. ಹುದ್ದೆ ಹೋದದ್ದು ಬೇರೆಯವರದು. 2023ರ ಜನವರಿಯಲ್ಲಿ ಪೇಜರ್‌ಡ್ಯೂಟಿ ಕಂಪನಿ ಶೇ 7ರಷ್ಟು ನೌಕರರನ್ನು ತೆಗೆದಾಗ ಅದರ ಮುಖ್ಯಸ್ಥೆ ಜೆನಿಫರ್ ತೆಹಾದಾ, ಮನುಷ್ಯನ ಯೋಗ್ಯತೆಯ ಬಗ್ಗೆ ಮಾರ್ಟಿನ್ ಲೂಥರ್ ಕಿಂಗ್ ಆಡಿದ ಮಾತನ್ನು ಅದೇ ಪತ್ರದಲ್ಲಿ ಉಲ್ಲೇಖಿಸಿದರು. ಟೀಕೆ ಎಷ್ಟಾಯಿತೆಂದರೆ ಕೆಲವೇ ದಿನಗಳಲ್ಲಿ ಕ್ಷಮೆ ಕೇಳಬೇಕಾಯಿತು. 2025ರ ಜುಲೈಯಲ್ಲಿ ಮೈಕ್ರೋಸಾಫ್ಟ್ ಸುಮಾರು 9,000 ಮಂದಿಯನ್ನು ಬಿಟ್ಟಾಗ, ಅದರ ಎಕ್ಸ್‌ಬಾಕ್ಸ್ ವಿಭಾಗದ ಅಧಿಕಾರಿಯೊಬ್ಬರು ಕೆಲಸ ಹೋದವರಿಗೆ ಲಿಂಕ್ಡ್‌ಇನ್‌ನಲ್ಲಿ ಒಂದು ಸಲಹೆ ಕೊಟ್ಟರು: ಮನಸ್ಸಿನ ಭಾರ ಇಳಿಸಿಕೊಳ್ಳಲು ಚಾಟ್‌ಜಿಪಿಟಿ, ಕೋಪೈಲಟ್‌ಗಳ ನೆರವು ಪಡೆಯಬಹುದು. ಕೋಪೈಲಟ್ ಮೈಕ್ರೋಸಾಫ್ಟಿನದೇ ಸರಕು. ಆ ಪೋಸ್ಟ್ ಹೆಚ್ಚು ಹೊತ್ತು ಉಳಿಯಲಿಲ್ಲ, ಅಳಿಸಿಹಾಕಬೇಕಾಯಿತು.

ಇಷ್ಟಾದರೂ ಕೆಲಸ ಉಳಿದವರ ಸಂಕಟವನ್ನು ತಳ್ಳಿಹಾಕುವಂತಿಲ್ಲ. ಅಮೆರಿಕದ ಮನಶ್ಶಾಸ್ತ್ರಜ್ಞ ಜೋಯಲ್ ಬ್ರಾಕ್ನರ್ 1980ರ ದಶಕದಿಂದಲೇ ಲೇಆಫ್ ಆದ ಮೇಲೆ ಕಚೇರಿಯಲ್ಲಿ ಉಳಿದವರನ್ನು ಅಧ್ಯಯನ ಮಾಡಿದರು. ಪಾಪಪ್ರಜ್ಞೆ, ಕಂಪನಿಯ ಮೇಲಿನ ಸಿಟ್ಟು, ಮುಂದಿನ ಪಾಳಿ ತಮ್ಮದೇ ಇರಬಹುದೆಂಬ ಭಯ – ಇವು ಅವರಲ್ಲಿ ಸಾಮಾನ್ಯ. ಕಂಪನಿಯನ್ನು ಬೈದು ಬರೆದರೆ ನಾಳೆ ತಮ್ಮ ಹೆಸರೂ ಪಟ್ಟಿಯಲ್ಲಿರಬಹುದು. ಏನೂ ಬರೆಯದಿದ್ದರೆ ‘ಇಷ್ಟು ವರ್ಷ ಜೊತೆಗಿದ್ದು ಒಂದು ಮಾತೂ ಇಲ್ಲ’ ಎಂದು ಹೋದವರು ಅಂದುಕೊಳ್ಳಬಹುದು. ಇವೆರಡರ ನಡುವೆ ಉಳಿಯುವ ದಾರಿ ಎಂದರೆ ಯಾರನ್ನೂ ದೂರದ, ಯಾರಿಗೂ ಉಪಯೋಗವಿಲ್ಲದ ದುಃಖ. ಸಮಾಜಶಾಸ್ತ್ರಜ್ಞ ಅರ್ವಿಂಗ್ ಗಾಫ್‌ಮನ್ 1950ರ ದಶಕದಲ್ಲೇ ಜನ ರಂಗದ ಮೇಲೆ ಆಡುವ ಮಾತನ್ನೂ ರಂಗದ ಹಿಂದೆ ಆಡುವ ಮಾತನ್ನೂ ಬೇರ್ಪಡಿಸಿ ತೋರಿಸಿದ್ದರು. ಕಚೇರಿಯಲ್ಲಿ ರಂಗದ ಹಿಂಬದಿ ಎಂದರೆ ಕ್ಯಾಂಟೀನು, ಚಹಾದ ಅಂಗಡಿ, ಮ್ಯಾನೇಜರ್ ಇಲ್ಲದ ವಾಟ್ಸ್‌ಆ್ಯಪ್ ಗುಂಪು. ಅಲ್ಲಿ ಆಡಿ ಮುಗಿಸಬೇಕಾದ ಮಾತು ರಂಗದ ಮೇಲೆ ಬಂದಾಗ ಬಣ್ಣ ಹಚ್ಚಿಕೊಂಡೇ ಬರುತ್ತದೆ.

ಬರಿ ಪೋಸ್ಟಾದರೆ ನಷ್ಟವೇನು ಎಂಬ ಪ್ರಶ್ನೆಗೆ ಒಂದು ಪ್ರಯೋಗ ಉತ್ತರ ಕೊಡುತ್ತದೆ. ಕಿರ್ಕ್ ಕ್ರಿಸ್ಟಾಫರ್ಸನ್, ಕ್ಯಾಥರೀನ್ ವೈಟ್ ಮತ್ತು ಜಾನ್ ಪೆಲೋಜಾ 2014ರಲ್ಲಿ ಪ್ರಕಟಿಸಿದ ಅಧ್ಯಯನ ಅದು. ಕೆನಡಾದಲ್ಲಿ ಯುದ್ಧದಲ್ಲಿ ಮಡಿದ ಸೈನಿಕರ ಸ್ಮರಣೆಯ ದಿನಕ್ಕೆ ಮುಂಚೆ ಜನ ಎದೆಯ ಮೇಲೆ ಕೆಂಪು ಗಸಗಸೆ ಹೂವಿನ ಪಿನ್ ಧರಿಸುತ್ತಾರೆ. ಸಂಶೋಧಕರು ದಾರಿಹೋಕರಲ್ಲಿ ಕೆಲವರಿಗೆ ಆ ಹೂವನ್ನು ಎಲ್ಲರಿಗೂ ಕಾಣುವಂತೆ ಧರಿಸಲು ಕೊಟ್ಟರು, ಕೆಲವರಿಗೆ ಲಕೋಟೆಯೊಳಗಿಟ್ಟು ಕೊಟ್ಟರು. ಸ್ವಲ್ಪ ಮುಂದೆ ನಿವೃತ್ತ ಸೈನಿಕರಿಗಾಗಿ ಹಣ ಕೇಳಿದಾಗ, ಲಕೋಟೆ ಪಡೆದವರು ಹೂ ಧರಿಸಿದವರಿಗಿಂತ ಹೆಚ್ಚು ಕೊಟ್ಟರು. ಎಲ್ಲರೆದುರು ಒಂದು ಸಣ್ಣ ಬೆಂಬಲ ತೋರಿಸಿದ ಮೇಲೆ ‘ನನ್ನ ಪಾಲಿನದು ಆಯಿತು’ ಎಂಬ ಸಮಾಧಾನ ಬಂದುಬಿಡುತ್ತದೆ, ಆಮೇಲಿನ ನಿಜವಾದ ಸಹಾಯ ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ. ದುಃಖದ ಪೋಸ್ಟಿಗೆ ಐನೂರು ಲೈಕ್ ಬಂದ ಮೇಲೆ, ಅದೇ ಸಂಜೆ ಕುಳಿತು ಗೆಳೆಯನಿಗಾಗಿ ಮೂರು ಕಡೆ ರೆಫರಲ್ ಹಾಕುವ ಉತ್ಸಾಹ ಎಷ್ಟು ಜನರಲ್ಲಿ ಉಳಿದಿರುತ್ತದೆ?

ಕೆಲವು ಸಲ ಪೋಸ್ಟಿನಿಂದ ನೇರ ಹಾನಿಯೇ ಆಗುತ್ತದೆ. ಕೆಲಸ ಹೋದ ಸುದ್ದಿಯನ್ನು ಯಾರಿಗೆ, ಯಾವಾಗ, ಹೇಗೆ ತಿಳಿಸಬೇಕು ಎಂಬುದು ಕಳೆದುಕೊಂಡವರು ತೀರ್ಮಾನಿಸಬೇಕಾದ ವಿಷಯ. ಊರಲ್ಲಿರುವ ಅಪ್ಪ ಅಮ್ಮನಿಗೆ ಇನ್ನೂ ಹೇಳಿರುವುದಿಲ್ಲ. ಮದುವೆ ಮಾತುಕತೆ ನಡೆಯುತ್ತಿರುತ್ತದೆ. ಗೃಹಸಾಲದ ಅರ್ಜಿ ಬ್ಯಾಂಕಿನಲ್ಲಿರುತ್ತದೆ. ಅಷ್ಟರಲ್ಲಿ ಸಹೋದ್ಯೋಗಿ ಟ್ಯಾಗ್ ಮಾಡಿದ ಪೋಸ್ಟನ್ನು ದೊಡ್ಡಪ್ಪನ ಮಗ ನೋಡಿ ಮನೆಗೆ ಫೋನ್ ಮಾಡಿರುತ್ತಾನೆ. ಭಾರತದಲ್ಲಿ ಇನ್ನೊಂದು ತೊಡಕಿದೆ. ಇಲ್ಲಿ ಎಷ್ಟೋ ಕಂಪನಿಗಳು ‘ತೆಗೆದೆವು’ ಎನ್ನುವುದಿಲ್ಲ. ನೀವೇ ರಾಜೀನಾಮೆ ಕೊಡಿ ಎಂದು ಎಚ್‌ಆರ್ ಕೋಣೆಗೆ ಕರೆದು ಒತ್ತಾಯಿಸುತ್ತವೆ ಎಂದು ಐಟಿ ನೌಕರರ ಸಂಘಟನೆಗಳು ದೂರುತ್ತಲೇ ಬಂದಿವೆ. ಅಂಥವರ ರಿಲೀವಿಂಗ್ ಲೆಟರ್‌ನಲ್ಲಿ ಇರುವುದು ರಾಜೀನಾಮೆ ಎಂಬ ಮಾತು. ಸಹೋದ್ಯೋಗಿಯ ಪೋಸ್ಟ್ ಅದನ್ನು ಲೇಆಫ್ ಎಂದು ಸಾರಿದರೆ, ಹೊಸ ಕಂಪನಿಯ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಹೊತ್ತಿನಲ್ಲಿ ವಿವರಣೆ ಕೊಡಬೇಕಾದ ಪಾಡು ಕೆಲಸ ಹೋದವರದು.

ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರ ಕಥೆ ಬೇರೆ. ಕೆಲಸ ಹೋದರೆ ಅವರಿಗೆ ಸಿಗುವ ಅವಧಿ ಗರಿಷ್ಠ 60 ದಿನ; ಅಷ್ಟರೊಳಗೆ ಇನ್ನೊಂದು ಕಂಪನಿ ಅವರಿಗಾಗಿ ವೀಸಾ ಅರ್ಜಿ ಹಾಕಬೇಕು, ಇಲ್ಲವೇ ವೀಸಾದ ಬಗೆ ಬದಲಿಸಿಕೊಳ್ಳಬೇಕು, ಇಲ್ಲವೇ ದೇಶ ಬಿಡಬೇಕು. 2022-23ರಲ್ಲಿ ಅಲ್ಲಿ ಕೆಲಸ ಕಳೆದುಕೊಂಡ ಭಾರತೀಯರು, ಅವರಲ್ಲಿ ಕನ್ನಡಿಗರೂ, ಸಂಕೋಚ ಬದಿಗಿಟ್ಟು ತಮ್ಮ ವೀಸಾ ಗಡುವನ್ನೇ ಪೋಸ್ಟಿನಲ್ಲಿ ಬರೆದು ಸಹಾಯ ಕೇಳಿದರು. ಅಂಥ ಪೋಸ್ಟನ್ನು ನೂರು ಜನ ಹಂಚಿದರೆ ನೂರೂ ಉಪಯೋಗಕ್ಕೆ ಬರುತ್ತವೆ. ಕೇಳಿದವರು ಅವರೇ, ಬೇಕಾದದ್ದು ಏನೆಂದು ಹೇಳಿದವರೂ ಅವರೇ. ಪ್ರೊಫೈಲ್ ಚಿತ್ರದ ಸುತ್ತ ಹಸಿರು ಪಟ್ಟಿ ಬರುವ ‘ಓಪನ್ ಟು ವರ್ಕ್’ ಸೌಲಭ್ಯವನ್ನು ಲಿಂಕ್ಡ್‌ಇನ್ 2020ರಲ್ಲಿ ತಂದದ್ದೂ ಹೀಗೆ ತಾವಾಗಿ ಹೇಳಿಕೊಳ್ಳಬಯಸುವವರಿಗಾಗಿ.

ಸುದ್ದಿ ಹರಡಿದರೆ ಕೆಲಸ ಸಿಗುವುದು ಸುಳ್ಳಲ್ಲ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರಲ್ಲಿ ಪ್ರಕಟಿಸಿದ ಪ್ರಸಿದ್ಧ ಲೇಖನದ ಪ್ರಕಾರ, ಪರಿಚಯಸ್ಥರ ಮೂಲಕ ಕೆಲಸ ಕಂಡುಕೊಂಡವರಲ್ಲಿ ಆಪ್ತರಿಂದ ದಾರಿ ಸಿಕ್ಕವರು ಕಡಿಮೆ. ಶೇ 83ಕ್ಕೂ ಹೆಚ್ಚು ಮಂದಿಗೆ ಸುಳಿವು ಕೊಟ್ಟವರು ಅವರು ಆಗೊಮ್ಮೆ ಈಗೊಮ್ಮೆ ಅಥವಾ ಅಪರೂಪಕ್ಕೆ ಭೇಟಿಯಾಗುತ್ತಿದ್ದವರು. ಆಪ್ತರಿಗೆ ಗೊತ್ತಿರುವುದು ಹೆಚ್ಚಾಗಿ ನಮಗೂ ಗೊತ್ತಿರುತ್ತದೆ, ದೂರದ ಪರಿಚಯಸ್ಥರು ಬೇರೆ ವಲಯದ ಸುದ್ದಿ ತರುತ್ತಾರೆ. 2022ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ಇದನ್ನೇ ಲಿಂಕ್ಡ್‌ಇನ್‌ನ 2 ಕೋಟಿಗೂ ಹೆಚ್ಚು ಸದಸ್ಯರ ಮೇಲೆ ಪರೀಕ್ಷಿಸಿ ನೋಡಿತು. ತೀರಾ ಆಪ್ತವೂ ಅಲ್ಲದ, ತೀರಾ ದೂರವೂ ಅಲ್ಲದ ಪರಿಚಯಗಳೇ ಕೆಲಸ ಬದಲಿಸಲು ಹೆಚ್ಚು ನೆರವಾದವು. ಹಳೆಯ ಸಹೋದ್ಯೋಗಿ ಎಂದರೆ ಹೆಚ್ಚುಕಡಿಮೆ ಇದೇ ಬಗೆಯ ಪರಿಚಯ. ಆದ್ದರಿಂದ ‘ಪೋಸ್ಟ್ ಹಾಕಲೇಬೇಡಿ’ ಎಂಬ ಉಪದೇಶವೂ ತಪ್ಪು. ಲೇಆಫ್ ಆದ ದಿನದಿಂದ ಹಳೆಯ ತಂಡದವರ ಫೋನು, ಮೆಸೇಜು ಎರಡೂ ನಿಂತುಹೋಗುವುದು ಕೆಲಸ ಹೋದದ್ದಕ್ಕಿಂತ ಹೆಚ್ಚು ನೋಯಿಸುತ್ತದೆಂದು ಹೇಳುವವರಿದ್ದಾರೆ.

ಸಂಸ್ಥೆಯ ಮಟ್ಟದಲ್ಲಿ ಇದನ್ನು ಸರಿಯಾಗಿ ಮಾಡಿದ ಒಂದು ನಿದರ್ಶನ ಏರ್‌ಬಿಎನ್‌ಬಿಯದು. ಕೊರೊನಾದಿಂದ ಪ್ರವಾಸೋದ್ಯಮ ನೆಲಕಚ್ಚಿದಾಗ, 2020ರ ಮೇ 5ರಂದು ಆ ಕಂಪನಿ 7,500 ನೌಕರರಲ್ಲಿ ಸುಮಾರು 1,900 ಮಂದಿಯನ್ನು ಬಿಡುವುದಾಗಿ ಹೇಳಿತು. ಮುಖ್ಯಸ್ಥ ಬ್ರಯಾನ್ ಚೆಸ್ಕಿ ಬರೆದ ಪತ್ರದಲ್ಲಿ ಭಾವುಕತೆಗೇನೂ ಕೊರತೆಯಿಲ್ಲ. ಅದನ್ನು ಬೇರೆ ಮಾಡಿದ್ದು ಪತ್ರದೊಳಗಿನ ಏರ್ಪಾಡುಗಳು: ಬಿಡುವವರು ಬಯಸಿದರೆ ತಮ್ಮ ವಿವರ ಹಾಕಿಕೊಳ್ಳಬಹುದಾದ ಸಾರ್ವಜನಿಕ ಪಟ್ಟಿ, ನೇಮಕಾತಿ ವಿಭಾಗದ ಒಂದು ಭಾಗಕ್ಕೆ ಆ ವರ್ಷ ಮುಗಿಯುವವರೆಗೆ ಇವರಿಗೆ ಬೇರೆಡೆ ಕೆಲಸ ಹುಡುಕುವುದೇ ಕೆಲಸ, ಹೊಸ ಕೆಲಸ ಹುಡುಕಲು ಅನುಕೂಲವಾಗಲೆಂದು ಕಂಪನಿಯ ಲ್ಯಾಪ್‌ಟಾಪ್ ಅವರ ಬಳಿಯೇ. ಪಟ್ಟಿಗೆ ಹೆಸರು ಸೇರಿದ್ದು ಅವರವರ ಒಪ್ಪಿಗೆಯ ಮೇಲೆ.

ಈ ಪೋಸ್ಟುಗಳು ಎಂದೂ ಮುಟ್ಟದ ಒಂದು ವಿಷಯವೂ ಇದೆ: ತೆಗೆದದ್ದು ಕಾನೂನಿನ ಪ್ರಕಾರವೇ? ಕರ್ನಾಟಕ ಸರ್ಕಾರ 2014ರಿಂದ ಐಟಿ ಕಂಪನಿಗಳಿಗೆ, ಕೆಲಸದ ಷರತ್ತುಗಳನ್ನು ನಿಗದಿಪಡಿಸುವ ಸ್ಥಾಯಿ ಆದೇಶಗಳ ಕಾಯ್ದೆಯಿಂದ ವಿನಾಯಿತಿ ಕೊಡುತ್ತ ಬಂದು, 2024ರಲ್ಲಿ ಅದನ್ನು ಮತ್ತೆ ಐದು ವರ್ಷಕ್ಕೆ ಮುಂದುವರಿಸಿತು. ವಿನಾಯಿತಿಗೆ ಷರತ್ತುಗಳಿದ್ದವು: ಕುಂದುಕೊರತೆ ಸಮಿತಿ ಇರಬೇಕು, ನೌಕರರ ವಜಾ, ಅಮಾನತಿನಂಥ ಕ್ರಮಗಳನ್ನು ಕಾರ್ಮಿಕ ಇಲಾಖೆಗೆ ತಿಳಿಸಬೇಕು. 2017ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ಐಟಿ/ಐಟಿಇಎಸ್ ನೌಕರರ ಸಂಘ, ಅಂದರೆ ಕಿಟು, ಇಂಥ ಪ್ರಕರಣಗಳನ್ನು ಕಾರ್ಮಿಕ ಇಲಾಖೆಯ ಮುಂದಿಡುತ್ತ ಬಂದಿದೆ. ‘ನಿಮಗೆ ಸಹಾಯ ಬೇಕಿದ್ದರೆ’ ಎಂದು ಬರೆಯುವವರಲ್ಲಿ ಆ ಸಂಘದ ಹೆಸರನ್ನಾಗಲಿ, ಇಲಾಖೆಯ ಬಾಗಿಲನ್ನಾಗಲಿ ತೋರಿಸುವವರು ತೀರ ಕಡಿಮೆ. ತೋರಿಸಿದರೆ ಅದೇ ಮ್ಯಾನೇಜರ್ ಅದನ್ನೂ ಓದುತ್ತಾರಲ್ಲ!

ನಿಜಕ್ಕೂ ಬೆನ್ನಿಗೆ ನಿಲ್ಲಬಯಸುವವರಿಗೆ ಲಿಂಕ್ಡ್‌ಇನ್‌ನಲ್ಲೇ ಒಂದು ಹಳೆಯ ಅನುಕೂಲವಿದೆ. ಸಹೋದ್ಯೋಗಿಯ ಜೊತೆ ಯಾವ ಪ್ರಾಜೆಕ್ಟಿನಲ್ಲಿ ದುಡಿದದ್ದು, ಅವರು ಯಾವ ಸಮಸ್ಯೆ ಬಿಡಿಸಿದ್ದು ಎಂದು ಹೆಸರು ಹಾಕಿ ನಾಲ್ಕು ಸಾಲಿನ ಶಿಫಾರಸು ಬರೆದುಕೊಡಬಹುದು. ಪೋಸ್ಟ್ ಕೆಲವೇ ದಿನಗಳಲ್ಲಿ ಫೀಡಿನಿಂದ ಕೆಳಗಿಳಿದು ಮರೆಯಾಗುತ್ತದೆ. ಶಿಫಾರಸು ಅವರ ಪುಟದಲ್ಲಿ ವರ್ಷಗಟ್ಟಲೆ ನಿಲ್ಲುತ್ತದೆ, ಮುಂದಿನ ರಿಕ್ರೂಟರ್ ಅದನ್ನು ಓದುತ್ತಾರೆ. ಬರೆದದ್ದು ಮೊದಲು ಹೋಗುವುದು ಕೆಲಸ ಕಳೆದುಕೊಂಡವರ ಬಳಿಗೆ. ಅವರು ಒಪ್ಪಿದ ಮೇಲಷ್ಟೇ ಅದು ಉಳಿದವರಿಗೆ ಕಾಣಿಸುತ್ತದೆ.